ಸುಗ್ಗಿಯ ಕಾಲದಲ್ಲಿ ಕಣ್ಣಿನ ಶಿಲೀಂಧ್ರ ಸೋಂಕು: ಸದಸ್ಯರು ತಿಳಿದಿರಬೇಕಾದ ಅಂಶಗಳು

ಕಬ್ಬು ಕಟಾವು, ಭತ್ತದ ಒಕ್ಕಣೆ, ಜೋಳದ ಕೊಯ್ಲಿನ ವೇಳೆ ಕಣ್ಣಿಗೆ ಗರಿ ತಾಗುವುದು, ಹೊಟ್ಟು ಬೀಳುವುದು ಸಾಮಾನ್ಯ. ಬಹುತೇಕ ಸಂದರ್ಭಗಳಲ್ಲಿ ಉರಿ ಒಂದೆರಡು ದಿನಗಳಲ್ಲಿ ಶಮನವಾಗುತ್ತದೆ. ಆದರೆ ಕೆಲವರಲ್ಲಿ ಇದೇ ಸಣ್ಣ ಗಾಯವು ಶಿಲೀಂಧ್ರ (ಬೂಷ್ಟು) ಸೋಂಕಿಗೆ ದಾರಿಯಾಗಿ, ದೃಷ್ಟಿನಾಶಕ್ಕೆ ಕಾರಣವಾಗುತ್ತದೆ.

ಸೋಂಕು ತಗಲುವ ಬಗೆ

ಕರಿಗುಡ್ಡೆಯ ಮುಂದಿರುವ ಗಾಜಿನಂತಹ ಪಾರದರ್ಶಕ ಪಟಲವೇ ಕಾರ್ನಿಯಾ. ಇದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಇದರ ಮೇಲ್ಪದರ ಗೀರಿದಾಗ, ಮಣ್ಣು ಹಾಗೂ ಬೆಳೆಯ ಮೇಲೆ ಸಹಜವಾಗಿರುವ ಶಿಲೀಂಧ್ರಗಳು ಒಳಸೇರುತ್ತವೆ. ದಕ್ಷಿಣ ಭಾರತದಲ್ಲಿ ಫ್ಯುಸೇರಿಯಂ ಮತ್ತು ಆಸ್ಪರ್ಜಿಲಸ್ ಎಂಬ ಶಿಲೀಂಧ್ರಗಳೇ ಇದಕ್ಕೆ ಪ್ರಮುಖ ಕಾರಣ. ನೋವು, ಕೆಂಪಾಗುವಿಕೆ, ನೀರು ಸೋರುವಿಕೆ, ಮಸುಕು ದೃಷ್ಟಿ ಹಾಗೂ ಕರಿಗುಡ್ಡೆಯ ಮೇಲೆ ಬಿಳಿ ಮಚ್ಚೆ ಇದರ ಲಕ್ಷಣಗಳು. ಸೋಂಕು ನಿಧಾನವಾಗಿ ಬೆಳೆಯುವುದರಿಂದ ರೋಗಿಯು ತಡವಾಗಿ ಆಸ್ಪತ್ರೆ ತಲುಪುವುದೇ ಹೆಚ್ಚು.

ಅಪಾಯವನ್ನು ಹೆಚ್ಚಿಸುವ ಅಂಶಗಳು

ವೈದ್ಯರ ಚೀಟಿಯಿಲ್ಲದೆ ಔಷಧಿ ಅಂಗಡಿಯಿಂದ ತಂದು ಹಾಕುವ ಸ್ಟೀರಾಯ್ಡ್ ಹನಿಗಳು ಅತ್ಯಂತ ಅಪಾಯಕಾರಿ. ಇವು ಕೆಂಪು ಮತ್ತು ನೋವನ್ನು ಕಡಿಮೆ ಮಾಡುವುದರಿಂದ ಕಣ್ಣು ವಾಸಿಯಾದಂತೆ ತೋರುತ್ತದೆ. ಆದರೆ ದೇಹದ ಪ್ರತಿರೋಧ ಕುಗ್ಗಿ, ಶಿಲೀಂಧ್ರವು ಒಳಪದರಗಳಿಗೆ ಹರಡುತ್ತದೆ. ಸೊಪ್ಪಿನ ರಸ, ಹರಳೆಣ್ಣೆ, ಎದೆಹಾಲು ಹಾಕುವ ರೂಢಿಯೂ ಸೋಂಕನ್ನು ಉಲ್ಬಣಗೊಳಿಸಬಹುದು. ಮಧುಮೇಹಿಗಳು ಮತ್ತು ಕಾಂಟ್ಯಾಕ್ಟ್ ಲೆನ್ಸ್ ಬಳಸುವವರು ಹೆಚ್ಚಿನ ಎಚ್ಚರ ವಹಿಸಬೇಕು.

ಚಿಕಿತ್ಸೆ

ಕಣ್ಣಿನ ತಜ್ಞರು ಹುಣ್ಣಿನ ಅಂಚಿನಿಂದ ಅಲ್ಪ ಅಂಶವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವನ್ನು ಖಚಿತಪಡಿಸುತ್ತಾರೆ. ಶೇ. 5ರ ನಾಟಮೈಸಿನ್ ಹನಿಯು ಮುಖ್ಯ ಔಷಧಿ. ಇದನ್ನು ವಾರಗಟ್ಟಲೆ ಹಾಕಬೇಕಾಗುತ್ತದೆ. ಈ ಔಷಧಿಯು ಕಾರ್ನಿಯಾದ ಆಳಕ್ಕೆ ಸುಲಭವಾಗಿ ಇಳಿಯುವುದಿಲ್ಲ. ಆದ್ದರಿಂದ ಹುಣ್ಣು ಮೇಲ್ಭಾಗದಲ್ಲಿರುವಾಗಲೇ ಚಿಕಿತ್ಸೆ ಆರಂಭವಾಗುವುದು ನಿರ್ಣಾಯಕ. ತಡವಾದಲ್ಲಿ ಕಾರ್ನಿಯಾ ತೂತಾಗಿ, ಕಸಿ ಶಸ್ತ್ರಚಿಕಿತ್ಸೆ ಅಗತ್ಯವಾಗಬಹುದು. ಕೆಲವೊಮ್ಮೆ ಕಣ್ಣನ್ನೇ ತೆಗೆಯಬೇಕಾಗುತ್ತದೆ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

1. ಸುಗ್ಗಿಗೆ ಮುನ್ನ ನಡೆಯುವ ವಾರ್ಡ್ ಸಭೆ ಹಾಗೂ ಗ್ರಾಮ ಸಭೆಗಳಲ್ಲಿ ಈ ವಿಷಯವನ್ನು ತಿಳಿಸುವುದು.
2. ಕಟಾವು ಮತ್ತು ಒಕ್ಕಣೆಯಲ್ಲಿ ತೊಡಗುವವರು ರಕ್ಷಣಾ ಕನ್ನಡಕ ಧರಿಸುವಂತೆ ಪ್ರೇರೇಪಿಸುವುದು.
3. ಕಣ್ಣಿಗೆ ಏನಾದರೂ ಬಿದ್ದಲ್ಲಿ ಉಜ್ಜದೆ ಶುದ್ಧ ನೀರಿನಿಂದ ತೊಳೆದು, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೆರಳಲು ಸೂಚಿಸುವುದು.
4. ಬಿಳಿ ಮಚ್ಚೆ ಕಂಡವರನ್ನು ಆಶಾ ಕಾರ್ಯಕರ್ತೆಯರ ನೆರವಿನಿಂದ ವಿಳಂಬವಿಲ್ಲದೆ ಕಣ್ಣಿನ ತಜ್ಞರಿರುವ ಆಸ್ಪತ್ರೆಗೆ ಕಳುಹಿಸುವುದು.

ಕಟಾವು ಮುಗಿದ ನಂತರ ತೋರಿಸಿದರಾಯಿತು ಎಂಬ ಮುಂದೂಡಿಕೆಯಿಂದಲೇ ಅನೇಕರು ಕಣ್ಣು ಕಳೆದುಕೊಳ್ಳುತ್ತಾರೆ. ಕೂಲಿ ಕಾರ್ಮಿಕರ ವಿಷಯದಲ್ಲಿ ಈ ಅಂಶವನ್ನು ವಿಶೇಷವಾಗಿ ಗಮನಿಸುವುದು ಅವಶ್ಯಕ.