ಮುಖಭಾವವೂ ನೋಡುವವನ ಸ್ವಭಾವವೂ

ಕ್ರಿ. ಶ. ೧೮೮೩ರಲ್ಲಿ ರವೀಂದ್ರನಾಥ ಠಾಕೂರರು, ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣ ಸತ್ಯೇಂದ್ರನಾಥರ ಬಳಿ ತಂಗಿದ್ದಾಗ ‘ಪ್ರಕೃತಿರ್ ಪ್ರತಿಶೋಧ’ವೆಂಬ ನಾಟಕವನ್ನು ರಚಿಸಿದರು. ಸಕಲ ಮಮತೆಯನ್ನೂ ಗೆದ್ದೆನೆಂದು ಬಗೆದ ಸಂನ್ಯಾಸಿಯೋರ್ವನು ಅದರಲ್ಲಿ ದಾರಿಹೋಕರ ಸುಖದುಃಖಗಳನ್ನು ನಿರ್ವಿಕಾರನಾಗಿ ನೋಡುತ್ತಿರುವನು. ಅನಾಥಬಾಲಿಕೆಯೊಬ್ಬಳು ಬಂದು ಸೇರಿದ ಮೇಲೆ ಆ ನೋಟವೇ ಮಾರ್ಪಡುವುದು. ಲೋಕದ ಮುಖಗಳು ಬದಲಾಗಲಿಲ್ಲ, ನೋಡುವವನು ಬದಲಾದನು. ಹಾಗಾದರೆ ಪರರ ಮುಖವು ನಮ್ಮಲ್ಲಿ ಹುಟ್ಟಿಸುವ ವಿಕಾರದಲ್ಲಿ ಆ ಮುಖದ ಪಾಲೆಷ್ಟು, ನಮ್ಮ ಪಾಲೆಷ್ಟು? ಇದನ್ನು ಈಚಿನ ಶಾಸ್ತ್ರಜ್ಞರು ಮೆದುಳಿನಲ್ಲಿಯೇ ಅಳೆಯಹೊರಟಿರುವರು.

ಮೆದುಳಿನ ಎಡಬಲಗಳಲ್ಲಿ ಬಾದಾಮಿಯಾಕಾರದ ಒಂದೊಂದು ಭಾಗವುಂಟು. ಅದಕ್ಕೆ ಅಮಿಗ್ಡಲವೆಂದು ಹೆಸರು. ಮೆದುಳಿನ ಯಾವ ಭಾಗವು ದುಡಿಯುವುದೋ ಅಲ್ಲಿಗೆ ಪ್ರಾಣವಾಯುವಿನಿಂದ ಕೂಡಿದ ರಕ್ತವು ಅಧಿಕವಾಗಿ ಹರಿಯುವುದನ್ನು ಅಯಸ್ಕಾಂತಯಂತ್ರದಿಂದ ಗುರುತಿಸಬಹುದು. ೨೦೦೨ರಲ್ಲಿ ಟರ್ಹಾನ್ ಕಾನ್ಲಿ ಮತ್ತು ಸಂಗಡಿಗರು ಪ್ರಕಟಿಸಿದ ಪರೀಕ್ಷೆಯಲ್ಲಿ, ಹೆದರಿದ ಮುಖದ ಚಿತ್ರಕ್ಕೆ ಈ ಭಾಗವು ಸ್ವಭಾವಭೇದವನ್ನೆಣಿಸದೆ ಎಚ್ಚರಗೊಂಡಿತು. ನಗುಮುಖಕ್ಕಾದರೋ ಬಹಿರ್ಮುಖ ಸ್ವಭಾವವು ಹೆಚ್ಚಿದಂತೆಲ್ಲ ಅದರ ಚಟುವಟಿಕೆಯೂ ಹೆಚ್ಚಿತು. ಅಪಾಯವನ್ನು ಸಾರುವ ಮುಖವು ಎಲ್ಲರಿಗೂ ಬೇಕು, ಸ್ನೇಹವನ್ನು ಸಾರುವ ಮುಖವು ಸ್ನೇಹವನ್ನರಸುವವನಿಗೆ ಹೆಚ್ಚು ಬೇಕು ಎಂದು ನಾನು ಇದನ್ನು ಅರ್ಥಮಾಡುವೆನು.

ಸ್ವಭಾವದಂತೆ ಅಭಿಲಾಷೆಯೂ ಇಲ್ಲಿ ಕಾರಣವಾಗುವುದು. ಶುಲ್ಥೈಸ್ ಮೊದಲಾದವರು ೨೦೦೮ರಲ್ಲಿ ತೋರಿಸಿದಂತೆ, ಇತರರ ಮೇಲೆ ಪ್ರಭಾವ ಬೀರಬೇಕೆಂಬ ಗೂಢವಾದ ಇಚ್ಛೆ ಪ್ರಬಲವಾಗಿರುವವರ ಮೆದುಳು ಕೋಪದ ಮುಖಕ್ಕೆ ಮಿಕ್ಕವರಿಗಿಂತ ಅಧಿಕವಾಗಿ ಸ್ಪಂದಿಸುವುದು. ಅಂಕೋಲೆಯ ಕಡೆಯ ಬಯಲಾಟದಲ್ಲಿ ಬಣ್ಣದ ವೇಷವು ಆರ್ಭಟಿಸಿ ಬರಲು ಮಗುವು ತಾಯಿಯ ಸೆರಗಿನಲ್ಲಿ ಅಡಗುವುದನ್ನೂ ತರುಣರು ಕೇಕೆ ಹಾಕುವುದನ್ನೂ ಕಂಡವರಿಗೆ ಈ ಭೇದವು ವಿಚಿತ್ರವೆನಿಸದು. ಆದರೆ ಸ್ವಭಾವವು ಮೆದುಳನ್ನು ಹೀಗೆ ಪಳಗಿಸಿತೋ, ಮೆದುಳಿನ ಈ ರೀತಿಗೇ ನಾವು ಸ್ವಭಾವವೆಂದು ಹೆಸರಿಟ್ಟೆವೋ ಎಂಬುದು ಇಂಥ ಅಳತೆಯಿಂದ ತೀರ್ಮಾನವಾಗದು. ಪರೀಕ್ಷಿತರ ಸಂಖ್ಯೆಯೂ ಅಲ್ಪವಾದುದರಿಂದ, ಒಬ್ಬನ ಮೆದುಳಿನ ಚಿತ್ರವನ್ನು ಹಿಡಿದು ಅವನ ಶೀಲವನ್ನು ನಿರ್ಣಯಿಸಹೊರಡುವುದು ಸಾಹಸವೇ ಸರಿ.

ಇದೆಲ್ಲವೂ ನಮ್ಮ ಆಲಂಕಾರಿಕರಿಗೆ ಮೊದಲೇ ತಿಳಿದಿತ್ತೆಂದು ಹೇಳುವ ಚಾಪಲ್ಯವು ಬೇಡ. ಅಭಿನವಗುಪ್ತನು ಎಣಿಸಿದ ಏಳು ರಸವಿಘ್ನಗಳಲ್ಲಿ ಪ್ರೇಕ್ಷಕನು ತನ್ನ ಸುಖದುಃಖಗಳಿಗೆ ಪರವಶನಾಗಿರುವುದೂ ಒಂದು. ವಾದ್ಯ, ಗಾನ, ಮಂಟಪದ ಅಲಂಕಾರಗಳು ಅದಕ್ಕೆ ಪರಿಹಾರವೆಂದು ಅವನ ಮತ. ಅವನು ನಿವಾರಿಸಬಯಸಿದ ‘ನಿಜ’ವನ್ನೇ ಇವರು ಅಳೆಯುತ್ತಿರುವರು. ಯಂತ್ರದೊಳಗೆ ಮಲಗಿದವನು ಕಂಡದ್ದು ಅಪರಿಚಿತರ ನಿಶ್ಚಲಚಿತ್ರಗಳನ್ನು. ಚೆಂಡೆ ಮದ್ದಳೆಗಳೊಡನೆ ಇರುಳೆಲ್ಲ ಕುಣಿಯುವ ಮುಖದ ಮುಂದೆ ಅವನ ಸ್ವಭಾವವು ಎಷ್ಟು ಹೊತ್ತು ಅವನದಾಗಿಯೇ ಉಳಿಯುವುದೆಂಬುದನ್ನು ಆ ಚಿತ್ರಗಳು ಹೇಳಲಾರವು.