ಹೊಟ್ಟೆಹುಳ ಅಂತ ನಗಬೇಡಿ ಸ್ವಾಮಿ!

ಕ್ಯಾನ್ಸರ್ ಅಂದರೆ ಮನೆಮಂದಿಯೆಲ್ಲ ನಡುಗುತ್ತಾರೆ. ಜಂತುಹುಳ ಅಂದರೆ ನಗುತ್ತಾರೆ. ಇವೆರಡೂ ಒಂದೇ ಮೈಯಲ್ಲಿ ಸೇರಿದರೆ ಏನಾಗುತ್ತದೆ ಗೊತ್ತೇ?

ನಮ್ಮ ಜಿಲ್ಲೆಯಿಂದ ಕೀಮೋಗೆಂದು ಬೆಂಗಳೂರು ಬಸ್ಸು ಹತ್ತುವವರಲ್ಲಿ ಗದ್ದೆ ತೋಟಗಳಲ್ಲಿ ಬರಿಗಾಲಲ್ಲಿ ದುಡಿದವರಿದ್ದಾರೆ. ಮಲ ಬಿದ್ದ ಒದ್ದೆ ಮಣ್ಣಿನಿಂದ ಕೊಕ್ಕೆಹುಳದ ಮರಿಗಳು ಅಂಗಾಲು ತೂರಿ ಒಳಹೊಕ್ಕು, ಕರುಳು ಸೇರಿ ರಕ್ತ ಹೀರುತ್ತವೆ. ಮೊದಲೇ ರಕ್ತ ಕಡಿಮೆಯಾದ ರೋಗಿಗೆ ಇದು ಗಾಯದ ಮೇಲೆ ಬರೆ.

ಕಣ್ಣಿಗೆ ಕಾಣದ ಪೆಟ್ಟು ಇನ್ನೊಂದಿದೆ. ಉಸಿರಾಡುವ ಆಮ್ಲಜನಕದಿಂದಲೇ ಮೈಯೊಳಗೆ ಕೆಲವು ಪುಂಡ ಕಣಗಳು ಹುಟ್ಟುತ್ತವೆ. ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ಇವು ಜೀವಕೋಶಗಳನ್ನು ಕೆಡಿಸುತ್ತವೆ. ಗ್ಲುಟಾಥಯೋನ್ ಮುಂತಾದ ಕಾವಲುಗಾರರು ಇವನ್ನು ಹದ್ದುಬಸ್ತಿನಲ್ಲಿಡುತ್ತಾರೆ. ಪುಂಡರು ಹೆಚ್ಚಿ ಕಾವಲು ಸೋತರೆ ಅದೇ ಆಕ್ಸಿಡೇಟಿವ್ ಸ್ಟ್ರೆಸ್. ಕ್ಯಾನ್ಸರಿನಿಂದಲೂ ಇದು ಏರುತ್ತದೆ, ಕೆಲವು ಕೀಮೋ ಔಷಧಗಳಿಂದಲೂ ಏರುತ್ತದೆ. ಸಾಲದ್ದಕ್ಕೆ, ಪರೋಪಜೀವಿಯನ್ನು ಕೊಲ್ಲಲು ನಮ್ಮ ಬಿಳಿ ರಕ್ತಕಣಗಳು ಇದೇ ಪುಂಡರನ್ನು ಛೂ ಬಿಡುತ್ತವೆ. ಹುಳಕ್ಕೆ ಎಸೆದ ಕಲ್ಲು ಮನೆಯ ಹೆಂಚಿಗೂ ಬೀಳುತ್ತದೆ. ಬ್ಲಾಸ್ಟೊಸಿಸ್ಟಿಸ್ ಎಂಬ ಕರುಳಿನ ಪರೋಪಜೀವಿ ತಗುಲಿದ ಇಲಿಗಳಲ್ಲಿ ಈ ಸ್ಟ್ರೆಸ್ ಏರಿದ್ದನ್ನು ಮಲೇಷ್ಯಾದ ಸಂಶೋಧಕರು 2010ರಲ್ಲಿ ವರದಿ ಮಾಡಿದರು.

ಎಲ್ಲಕ್ಕಿಂತ ಕಿಲಾಡಿ ಹುಳ ಸ್ಟ್ರಾಂಜಿಲಾಯ್ಡಿಸ್. ಇದೂ ಅಂಗಾಲಿನಿಂದಲೇ ಬಂದು ವರ್ಷಗಟ್ಟಲೆ ಸದ್ದಿಲ್ಲದೆ ಕರುಳಲ್ಲಿ ಕೂತಿರುತ್ತದೆ. ಕೀಮೋ ಜೊತೆ ವಾಂತಿ ತಡೆಯಲು ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಕೊಡುವುದುಂಟು. ಆಗ ಮೈಯ ರಕ್ಷಣೆ ಕುಗ್ಗಿ, ಹುಳ ಮಿತಿಮೀರಿ ಹೆಚ್ಚಿ ಶ್ವಾಸಕೋಶಕ್ಕೆ, ಮಿದುಳಿಗೆ ಹಬ್ಬಬಹುದು. ಪ್ರಾಣವೇ ಹೋಗಬಹುದು. ಜನ ಮಾತ್ರ ‘ಕ್ಯಾನ್ಸರ್ ತಿಂದುಹಾಕಿತು’ ಅಂತಾರೆ.

ಹಾಗಂತ ಮೆಡಿಕಲ್ ಶಾಪಿನಲ್ಲಿ ಜಂತಿನ ಗುಳಿಗೆ ಕೊಂಡು ನುಂಗಿ ಬಸ್ಸು ಹತ್ತಬೇಡಿ. ಶಾಲೆ ಮಕ್ಕಳಿಗೆ ಕೊಡುವ 400 ಮಿಲಿಗ್ರಾಂ ಆಲ್ಬೆಂಡಜೋಲ್ ಒಂದು ಗುಳಿಗೆ ಈ ಕಿಲಾಡಿಗೆ ಸಾಲದು. ಇದಕ್ಕೆ ಮೊದಲ ಮದ್ದು ಐವರ್‌ಮೆಕ್ಟಿನ್. ಅದರ ಲೆಕ್ಕ ಡಾಕ್ಟರದು. ಆಂಟಿಆಕ್ಸಿಡೆಂಟ್ ಗುಳಿಗೆಗಳನ್ನೂ ಕೇಳದೆ ನುಂಗಬೇಡಿ, ಕೀಮೋ ಕೆಲಸಕ್ಕೇ ಅಡ್ಡ ಬಂದೀತು.

ಮಾಡಬೇಕಾದ್ದು ಇಷ್ಟೆ. ಕೀಮೋಗೆ ಮುಂಚೆ ಮಲಪರೀಕ್ಷೆ ಬೇಕೇ ಅಂತ ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಬರಿಗಾಲಲ್ಲಿ ಮಣ್ಣು ತುಳಿದು ದುಡಿದವರಾದರೆ ಅದನ್ನೂ ಹೇಳಿ. ಒಂದೇ ಪರೀಕ್ಷೆಯಲ್ಲಿ ಹುಳ ತಪ್ಪಿಸಿಕೊಳ್ಳಬಹುದು, ಎರಡು ಮೂರು ಸಲ ಕೇಳಿದರೆ ಬೇಸರಪಡದೆ ಕೊಡಿ. ಚಿಕಿತ್ಸೆಗಾಗಿ ಹೊಲ ಅಡವಿಡುವವರು, ಒಂದು ಸಣ್ಣ ಡಬ್ಬಿ ಮಲ ಕೊಡಲು ನಾಚಿ ಜೀವ ಕಳೆದುಕೊಳ್ಳುವುದು ಬೇಡ.