ಅಂಕಿ ಅವೇ, ಚಿತ್ರ ಬೇರೆ

ಹವಾಯಿಯ ಮೌನಾ ಲೋವಾ ಜ್ವಾಲಾಮುಖಿಯ ಇಳಿಜಾರಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿ ಒಂದು ವೀಕ್ಷಣಾಲಯವಿದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಚಾರ್ಲ್ಸ್ ಡೇವಿಡ್ ಕೀಲಿಂಗ್ ಅಲ್ಲಿ 1958ರಿಂದ ಅಳೆಯತೊಡಗಿದರು. ಸಂಖ್ಯಾಶಾಸ್ತ್ರದ ಉಚಿತ ತಂತ್ರಾಂಶ ‘ಆರ್’ ಜೊತೆಗೇ ಆ ಅಳತೆಗಳ ಒಂದು ಭಾಗ ಬರುತ್ತದೆ: 1959ರಿಂದ 1997ರವರೆಗೆ, ತಿಂಗಳಿಗೊಂದರಂತೆ 468 ಅಂಕಿಗಳು. ಋತುಮಾನದ ಅಂಕಿಗಳನ್ನು ಗುಂಪು ಮಾಡಿ ಚಿತ್ರಿಸುವುದನ್ನು ಕಲಿಯಲು ಇವಿಷ್ಟು ಸಾಕು.

ಮೊದಲು ಎಲ್ಲವನ್ನೂ ಕಾಲಕ್ರಮದಲ್ಲಿ ಒಂದೇ ಗೆರೆಯಾಗಿ ಎಳೆಯೋಣ. ಓರೆಯಾಗಿ ಮೇಲಕ್ಕೆತ್ತಿ ಹಿಡಿದ ಗರಗಸದಂತೆ ಕಾಣುತ್ತದೆ. ಏರಿಕೆಗೆ ಮುಖ್ಯ ಕಾರಣ ನಾವು ಸುಡುವ ಕಲ್ಲಿದ್ದಲು ಮತ್ತು ತೈಲ. ಹಲ್ಲುಗಳಿಗೆ ಕಾರಣ ಗಿಡಮರಗಳು. ಭೂಮಿಯ ನೆಲ ಮತ್ತು ಕಾಡಿನ ಹೆಚ್ಚು ಪಾಲು ಉತ್ತರಾರ್ಧಗೋಳದಲ್ಲಿದೆ. ಅಲ್ಲಿ ಬೇಸಿಗೆಯಲ್ಲಿ ಎಲೆಗಳು ಇಂಗಾಲವನ್ನು ಹೀರಿಕೊಳ್ಳುತ್ತವೆ. ಎಲೆ ಉದುರಿ ಕೊಳೆಯುವ ಕಾಲದಲ್ಲಿ ಅದು ಮತ್ತೆ ಗಾಳಿಗೆ ಸೇರುತ್ತದೆ. ಹಾಗಾಗಿ ಮೇ ತಿಂಗಳಲ್ಲಿ ಅಂಕಿ ತುದಿ ಮುಟ್ಟಿ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ತಳ ಕಾಣುತ್ತದೆ.

ಈ ಋತುಚಕ್ರವನ್ನಷ್ಟೇ ನೋಡಬೇಕೆಂದರೆ? ಹೊಸಬರ ಕೈ ಹೋಗುವುದು ಬಾಕ್ಸ್ ಪ್ಲಾಟ್ ಕಡೆಗೆ. ಅಮೆರಿಕದ ಜಾನ್ ಟೂಕಿ ಬಳಕೆಗೆ ತಂದ ಈ ಚಿತ್ರದಲ್ಲಿ ಒಂದು ಗುಂಪಿನ ಅಂಕಿಗಳ ನಡುವಿನ ಅರ್ಧ ಪಾಲು ಪೆಟ್ಟಿಗೆಯೊಳಗೆ ಇರುತ್ತದೆ. ಪೆಟ್ಟಿಗೆಯೊಳಗಿನ ಗೆರೆ ಮಧ್ಯಾಂಕವನ್ನು ತೋರಿಸುತ್ತದೆ. ತಿಂಗಳಿಗೊಂದರಂತೆ ಹನ್ನೆರಡು ಪೆಟ್ಟಿಗೆ ಬರೆಸಿ ನೋಡಿದರೆ ನಿರಾಸೆ ಕಾದಿದೆ: ಎಲ್ಲವೂ ಎತ್ತರ, ಹೆಚ್ಚುಕಡಿಮೆ ಎಲ್ಲವೂ ಒಂದೇ ತೆರ. ಋತುವೇ ಮಾಯ!

ಲೆಕ್ಕ ಸರಳ. ವರ್ಷದೊಳಗಿನ ಏರಿಳಿತ ಐದಾರು ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಐದಾರು. ಆದರೆ 1959ರ ಮೇ ತಿಂಗಳಲ್ಲಿ ಸುಮಾರು 318 ಪಿಪಿಎಂ ಇದ್ದದ್ದು 1997ರ ಮೇ ಹೊತ್ತಿಗೆ ಸುಮಾರು 367 ಆಗಿತ್ತು. ಇವೆರಡನ್ನೂ ಒಂದೇ ಪೆಟ್ಟಿಗೆಗೆ ತುಂಬಿದಾಗ ನಾಲ್ಕು ದಶಕಗಳ ಏರಿಕೆ ಋತುವನ್ನು ನುಂಗಿಹಾಕಿತು. ತಂತ್ರಾಂಶ ಹೇಳಿದ್ದನ್ನೇ ಮಾಡಿದೆ. ಯಾವ ಅಂಕಿಯನ್ನು ಯಾವುದರ ಜೊತೆ ಇಡಬೇಕೆಂದು ತೀರ್ಮಾನಿಸಬೇಕಾದವರು ನಾವು.

ಬೇರೆ ದಾರಿಗಳಿವೆ. ಅಡ್ಡಕ್ಕೆ ತಿಂಗಳುಗಳನ್ನು ಇಟ್ಟು, ವರ್ಷಕ್ಕೊಂದು ಗೆರೆ ಎಳೆಸಬಹುದು. ಆಗ 39 ಗೆರೆಗಳು ಒಂದರ ಮೇಲೊಂದು ಏರುತ್ತವೆ, ಎಲ್ಲವೂ ಮೇ ತಿಂಗಳಲ್ಲಿ ಬಾಗುತ್ತವೆ. ಇಲ್ಲಿ ‘ಗುಂಪೆಂದರೆ ವರ್ಷ’ ಎಂದು ತಂತ್ರಾಂಶಕ್ಕೆ ಬಿಡಿಸಿ ಹೇಳಬೇಕು. ತಿಂಗಳನ್ನು 1ರಿಂದ 12ರವರೆಗಿನ ಸಂಖ್ಯೆಯಾಗಿ ಕೊಟ್ಟು ಸುಮ್ಮನಾದರೆ, ‘ಆರ್’ನಲ್ಲಿ ಚಿತ್ರ ಬರೆಸಲು ಬಳಸುವ ‘ಜಿಜಿಪ್ಲಾಟ್2’ ಪ್ಯಾಕೇಜು ಎಲ್ಲ ವರ್ಷಗಳ ಜನವರಿಯನ್ನು ಪೋಣಿಸಿ, ಆಮೇಲೆ ಫೆಬ್ರವರಿಗೆ ಹೋಗಿ, ಅರ್ಥವಿಲ್ಲದ ಅಂಕುಡೊಂಕು ಗೆರೆ ಕೊಡುತ್ತದೆ. ಇನ್ನೊಂದು ದಾರಿ: ಹನ್ನೆರಡು ತಿಂಗಳಿಗೆ ಹನ್ನೆರಡು ಕಿರುಗೆರೆ, ಪ್ರತಿಯೊಂದರಲ್ಲೂ ಆ ತಿಂಗಳ ಅಂಕಿ ವರ್ಷದಿಂದ ವರ್ಷಕ್ಕೆ ಹೇಗೆ ನಡೆಯಿತೆಂಬ ಕಥೆ, ಜೊತೆಗೆ ಅದರ ಸರಾಸರಿಗೊಂದು ಅಡ್ಡಗೆರೆ. ಏರಿಕೆಯೂ ಋತುವೂ ಒಟ್ಟಿಗೆ ಕಾಣುತ್ತವೆ. ಪೆಟ್ಟಿಗೆಗಳೇ ಬೇಕೆಂದರೆ ಪ್ರತಿ ಅಂಕಿಯಿಂದ ಆಯಾ ವರ್ಷದ ಸರಾಸರಿಯನ್ನು ಕಳೆದು ಬರೆಸಬೇಕು. ಆಗ ಪೆಟ್ಟಿಗೆಗಳು ಕುಗ್ಗಿ, ಮೇ ಮೇಲಕ್ಕೂ ಸೆಪ್ಟೆಂಬರ್ ಕೆಳಕ್ಕೂ ಸರಿಯುತ್ತವೆ.

ತಿಂಗಳ ಹೆಸರನ್ನು ಅಕ್ಷರಗಳಲ್ಲಿ ಕೊಟ್ಟರೆ ಇನ್ನೊಂದು ಎಡವಟ್ಟು. ತಂತ್ರಾಂಶ ಅವನ್ನು ವರ್ಣಮಾಲೆಯ ಕ್ರಮದಲ್ಲಿ ನಿಲ್ಲಿಸುತ್ತದೆ. ಇಂಗ್ಲಿಷಿನಲ್ಲಾದರೆ ಏಪ್ರಿಲ್, ಆಗಸ್ಟ್, ಡಿಸೆಂಬರ್. ಕನ್ನಡದಲ್ಲಾದರೆ ಅಕ್ಟೋಬರ್, ಆಗಸ್ಟ್, ಏಪ್ರಿಲ್. ಕ್ಯಾಲೆಂಡರಿನ ಕ್ರಮವನ್ನು ನಾವೇ ಬರೆದುಕೊಡಬೇಕು.

ನಮ್ಮ ಮಳೆಯ ಅಂಕಿಗಳಿಗೆ ಬಂದರೆ ಗುಂಪಿನ ಪ್ರಶ್ನೆ ಬೇರೆಯದು. ಮಳೆ ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಗುವುದಿಲ್ಲ. ಹಾಗಾಗಿ ತಿಂಗಳವಾರು ಬಾಕ್ಸ್ ಪ್ಲಾಟ್ ಇಲ್ಲಿ ಚೆನ್ನಾಗಿಯೇ ಒಪ್ಪುತ್ತದೆ. ತೊಡಕಿರುವುದು ಮೂರು ಮೂರು ತಿಂಗಳ ತ್ರೈಮಾಸಿಕದಲ್ಲಿ. ಅದು ಜೂನ್ ತಿಂಗಳನ್ನು ಏಪ್ರಿಲ್–ಮೇ ಜೊತೆ ಸೇರಿಸಿ ಮುಂಗಾರನ್ನು ಸೀಳುತ್ತದೆ. ಭಾರತೀಯ ಹವಾಮಾನ ಇಲಾಖೆಯ ವಿಂಗಡಣೆ ಇಲ್ಲಿಗೆ ತಕ್ಕದ್ದು: ಜನವರಿ–ಫೆಬ್ರವರಿ, ಮಾರ್ಚ್–ಮೇ, ಜೂನ್–ಸೆಪ್ಟೆಂಬರ್, ಅಕ್ಟೋಬರ್–ಡಿಸೆಂಬರ್. ಆದರೆ ಮೊದಲ ಗುಂಪಿಗೆ ಎರಡು ತಿಂಗಳು, ಮೂರನೆಯದಕ್ಕೆ ನಾಲ್ಕು. ಒಟ್ಟು ಮಳೆಯನ್ನು ಅಕ್ಕಪಕ್ಕ ಇಟ್ಟು ತೂಗುವ ಮುನ್ನ ತಿಂಗಳ ಸರಾಸರಿಗೆ ಇಳಿಸುವುದು ನ್ಯಾಯ.

ಕೊನೆಗೊಂದು ಎಚ್ಚರ. ಮೌನಾ ಲೋವಾದ ಆ 468ರಲ್ಲಿ 1964ರ ಫೆಬ್ರವರಿ, ಮಾರ್ಚ್, ಏಪ್ರಿಲ್ ಅಂಕಿಗಳು ಅಳೆದವಲ್ಲ. ಜನವರಿಗೂ ಮೇಗೂ ನೇರ ಗೆರೆ ಎಳೆದು ತುಂಬಿದವು. ಯಾವ ಚಿತ್ರವೂ ಇದನ್ನು ತಾನಾಗಿ ಹೇಳುವುದಿಲ್ಲ. ಅದು ಸಿಗುವುದು ಅಂಕಿಗಳ ಜೊತೆ ಕೊಟ್ಟಿರುವ ಟಿಪ್ಪಣಿಯಲ್ಲಿ. ಚಿತ್ರ ಬರೆಸುವ ಮೊದಲು ಅದನ್ನು ಓದಬೇಕು.